ಬಾವ ತಂದ ರಿಸೀವರ್: ರಿಪೇರಿಗೆ ಮೊದಲು ಆ ಕನ್ವರ್ಟರ್ ಕಳಚಿ

ನಿಮ್ಮ ಪೋಸ್ಟ್ ಎರಡು ಸಲ ಓದಿದೆ, ಫೋಟೊಗಳನ್ನೂ ದೊಡ್ಡದು ಮಾಡಿ ನೋಡಿದೆ. ನನಗೆ ಅರ್ಥವಾಗಿದ್ದು ಇಷ್ಟು. ಬಾವ ಅಮೆರಿಕದಲ್ಲಿ ಬಳಸುತ್ತಿದ್ದ 5.1 ರಿಸೀವರ್ (ಟಿವಿ, ರೇಡಿಯೊ ಧ್ವನಿಯನ್ನು ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಹಂಚುವ ಪೆಟ್ಟಿಗೆ) ತಂದುಕೊಟ್ಟಿದ್ದಾರೆ, ಸ್ಪೀಕರ್ ಮಾತ್ರ ನಿಮ್ಮ ಮನೆಯ ಹಳೆಯವು. ಆನ್ ಮಾಡಿದ ಮೂರ್ನಾಲ್ಕು ಸೆಕೆಂಡಿಗೆ ಟಕ್ ಅಂತ ಆಫ್ ಆಗುತ್ತದೆ, ಪರದೆ ಮೇಲೆ ಪ್ರೊಟೆಕ್ಟ್ ಅಂತ, ಅಂದರೆ ಅಪಾಯ ಕಂಡು ಸೆಟ್ ತನ್ನನ್ನು ತಾನೇ ಆಫ್ ಮಾಡಿಕೊಂಡಿದೆ ಅಂತ ಬರುತ್ತದೆ. ಒಂದೆರಡು ಸಲ ಆನ್ ಆಗಿ ನಿಂತಾಗಲೂ ಗುಂಯ್ ಅನ್ನುವ ಸದ್ದು. ಟಿವಿ ಧ್ವನಿ ಬರಲೇ ಇಲ್ಲ. ಅಪ್ಪನಿಗೆ ಮೈಸೂರು ಆಕಾಶವಾಣಿ 100.6 ಸಿಗುತ್ತಿಲ್ಲ. ಅಂಗಡಿಯವರು ಮುಚ್ಚಳವನ್ನೂ ತೆಗೆಯದೆ ಬೋರ್ಡ್ ಹೋಗಿದೆ, ಆರು ಸಾವಿರ ಆಗುತ್ತದೆ ಅಂದರು.

ಆ ಆರು ಸಾವಿರ ಸದ್ಯಕ್ಕೆ ಜೇಬಲ್ಲೇ ಇರಲಿ. ಬೋರ್ಡ್ ಹೋಗಿದ್ದರೆ ಅದು ಒಂದೊಂದು ಸಲ ಸರಿಯಾಗಿ ಆನ್ ಆಗಿ ನಿಲ್ಲುವುದು ಕಡಿಮೆ. ನಿಮ್ಮ ಫೋಟೊದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ನಮ್ಮ 230 ವೋಲ್ಟನ್ನು ಅಮೆರಿಕದ ಸೆಟ್‌ಗೆ ಬೇಕಾದ 120ಕ್ಕೆ ಇಳಿಸಲು ಗೋಡೆಯ ಸಾಕೆಟ್‌ನಲ್ಲಿ ನೇತುಹಾಕಿರುವ ಆ ಬಿಳಿ ಕನ್ವರ್ಟರ್ ಇದೆಯಲ್ಲ, ಅಂಗೈಯಷ್ಟಿದೆ, ಮೇಲೆ 1600 ವ್ಯಾಟ್ ಅಂತ ಬರೆದಿದೆ. ಈಗಲೇ ಅದನ್ನು ಕಿತ್ತು ಪಕ್ಕಕ್ಕಿಡಿ. ಆಮೇಲೆ ಮುಂದೆ ಓದಿ.

ಅಷ್ಟು ಚಿಕ್ಕ ಡಬ್ಬಿಯಲ್ಲಿ 1600 ವ್ಯಾಟ್‌ನ ಟ್ರಾನ್ಸ್‌ಫಾರ್ಮರ್ ಹಿಡಿಸುವುದಿಲ್ಲ. ಇವು ಪ್ರವಾಸ ಹೋಗುವವರು ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆಗೆ ಬಳಸುವ ಸಾಧನ. ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುತ್ತವೆ, ಬಿಸಿಯಾಗುವ ತಂತಿಗೆ ಅದು ಸಾಕು. ರಿಸೀವರ್‌ಗೆ ಅದು ವಿಷ. ಒಳಗಿನ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ, ವೋಲ್ಟೇಜ್ ಏರುಪೇರಾಗುತ್ತದೆ, ಸೆಟ್ ಗಾಬರಿಯಾಗಿ ಪ್ರೊಟೆಕ್ಟ್‌ಗೆ ಹೋಗುತ್ತದೆ. ನೀವು ಹೇಳಿದ ಲಕ್ಷಣಗಳಲ್ಲಿ ಎರಡಕ್ಕೆ ಇದೊಂದೇ ಕಾರಣ ಇರಬಹುದು.

ನಿಮಗೆ ಬೇಕಾಗಿರುವುದು ನಿಜವಾದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್. ಕಬ್ಬಿಣ, ತಾಮ್ರ ತುಂಬಿದ್ದು, ಕೈಯಲ್ಲಿ ಎತ್ತಿದರೆ ಭಾರ ಗೊತ್ತಾಗಬೇಕು. ರಿಸೀವರ್ ಹಿಂದೆ ಪವರ್ ಕಾರ್ಡ್ ಪಕ್ಕದ ಪಟ್ಟಿ ನೋಡಿ, 120 ವೋಲ್ಟ್ 60 ಹರ್ಟ್ಸ್ ಅಂತ ಇದ್ದು, ಅದರ ಮುಂದೆ ಎಷ್ಟು ವ್ಯಾಟ್ ಅಂತಲೂ ಇರುತ್ತದೆ. ಅದರ ಒಂದೂವರೆಯಿಂದ ಎರಡರಷ್ಟು ತೆಗೆದುಕೊಳ್ಳಿ. 500 ವ್ಯಾಟ್ ಇದ್ದರೆ 1000 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಅಳತೆ) ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿದ್ಧವಾದದ್ದು ಸಿಗುತ್ತದೆ, ಇಲ್ಲವೇ ನಿಮ್ಮೂರಲ್ಲೇ ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಮಾಡುವವರನ್ನು ಹುಡುಕಿ.

ವೈಂಡಿಂಗ್ ಮಾಡಿಸುವುದಾದರೆ ಒಂದು ಮಾತು ನೆನಪಿಡಿ, 120 ಅಲ್ಲ, 110 ವೋಲ್ಟ್ ಔಟ್‌ಪುಟ್ ಕೇಳಿ. ರಾತ್ರಿ ಲೋಡ್ ಇಳಿದಾಗ ಲೈನ್ 250ರ ಹತ್ತಿರ ಹೋಗುವುದು ನಮ್ಮ ಕಡೆ ಮಾಮೂಲಿ. ಆಗ 110ರದ್ದು ಹೆಚ್ಚೂ ಕಡಿಮೆ 120 ಕೊಡುತ್ತದೆ, ಅಷ್ಟು ಸೆಟ್‌ಗೆ ಸರಿಯೇ. 120ರದ್ದನ್ನು ಹಾಕಿದರೆ ಅದು 130 ದಾಟುತ್ತದೆ. ಇನ್ನೊಂದು, 60 ಹರ್ಟ್ಸ್‌ಗೆ ಮಾಡಿದ ಸೆಟ್ ನಮ್ಮ 50 ಹರ್ಟ್ಸ್‌ನಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ, ಅದಕ್ಕೂ ವೋಲ್ಟೇಜ್ ತುಸು ಕಡಿಮೆ ಇರುವುದೇ ಒಳ್ಳೆಯದು. ಬಾವ ಸಬ್‌ವೂಫರ್ ಕೂಡ ತಂದಿದ್ದರೆ ಅದೂ 120 ವೋಲ್ಟಿನದ್ದೇ ಆಗಿರುತ್ತದೆ, ಅದರ ವ್ಯಾಟನ್ನೂ ಲೆಕ್ಕಕ್ಕೆ ಸೇರಿಸಿ. ಮಾಮೂಲಿ ಸ್ಪೀಕರ್‌ಗೆ ಈ ಯಾವ ತಲೆಬಿಸಿಯೂ ಇಲ್ಲ, ಅದು ಯಾವ ದೇಶದ್ದಾದರೂ ನಡೆಯುತ್ತದೆ.

ನಿಮ್ಮ ಪೋಸ್ಟ್‌ಗೆ ಉತ್ತರವಾಗಿ ಮೇಲೆ ಒಬ್ಬರು ಫ್ಯೂಸ್ ಬದಲಿಸಿ ನೇರ 230ಕ್ಕೇ ಹಾಕಿ ನೋಡಿ ಅಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದೃಷ್ಟ ಇದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ರೇ ಸುಟ್ಟು ಮನೆಯೆಲ್ಲ ವಾರ್ನಿಷ್ ವಾಸನೆ.

ಈಗ ಸ್ಪೀಕರ್ ವಿಷಯಕ್ಕೆ ಬರೋಣ. ಅಲ್ಲೂ ಎಡವಟ್ಟಿದೆ. ನಿಮ್ಮ ಎರಡನೇ ಫೋಟೊದಲ್ಲಿ ಮುಂದಿನ ಬಲಗಡೆ ಟರ್ಮಿನಲ್ ನೋಡಿ. ಕೆಂಪು ತಿರುಪಿನ ಪಕ್ಕ ಕೂದಲಿನಷ್ಟು ತೆಳ್ಳಗಿನ ಒಂದು ಎಳೆ ಹೊರಗೆ ಬಾಗಿ ಕಪ್ಪು ತಿರುಪಿನ ಹತ್ತಿರ ಹೋಗಿದೆ. ಅದು ತಾಗಿದರೆ ಶಾರ್ಟ್. ಮಗು ಓಡಾಡಿದಾಗ, ಬಾಗಿಲು ಹಾಕಿದಾಗ ಅಲುಗಾಡಿ ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ‘ಒಂದೊಂದು ಸಲ ಆನ್ ಆಗುತ್ತದೆ’ ಅಂದಿರಲ್ಲ, ಅದಕ್ಕೂ ಇದು ಹೊಂದುತ್ತದೆ.

ನನಗೂ ಇದೇ ಆಗಿತ್ತು. ಹತ್ತು ವರ್ಷದ ಹಿಂದೆ ಒಂದು ಸೆಟ್ ಹೊತ್ತುಕೊಂಡು ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿದ್ದೆ. ಅಲ್ಲಿ ರಿಪೇರಿಯವರು ಖಾಲಿ ಸೆಟ್ ಆನ್ ಮಾಡಿದರು, ಗಂಟೆಗಟ್ಟಲೆ ಹಾಡಿತು. ವಾಪಸ್ ತಂದು ಮನೆಯಲ್ಲಿ ವೈರ್ ಸಿಕ್ಕಿಸಿದ ತಕ್ಷಣ ಮತ್ತೆ ಟಕ್. ಟಾರ್ಚ್ ಹಿಡಿದು ನೋಡಿದರೆ ಒಂದೇ ಒಂದು ಎಳೆ. ಬಸ್ ಚಾರ್ಜು, ಎರಡು ದಿನದ ರಜೆ ಎಲ್ಲ ಆ ಎಳೆಗೆ ಸಮರ್ಪಣೆ. ಅವತ್ತಿನಿಂದ ಯಾರ ಸೆಟ್ ಬಂದರೂ ಮೊದಲು ಎಲ್ಲ ವೈರ್ ಕಿತ್ತು ಬರಿಮೈ ಮಾಡಿ ಆನ್ ಮಾಡುತ್ತೇನೆ.

ನೀವೂ ಹಾಗೇ ಮಾಡಿ. ಟ್ರಾನ್ಸ್‌ಫಾರ್ಮರ್ ಬಂದ ಮೇಲೆ ರಿಸೀವರ್‌ನ ಹಿಂದಿರುವ ಎಲ್ಲವನ್ನೂ ಕಿತ್ತುಬಿಡಿ. ಸ್ಪೀಕರ್, ಎಚ್‌ಡಿಎಂಐ, ಆಂಟೆನಾ, ಏನೂ ಇರಬಾರದು, ಪವರ್ ಒಂದೇ. ವಾಲ್ಯೂಮ್ ಪೂರ್ತಿ ಇಳಿಸಿ ಆನ್ ಮಾಡಿ, ಕಿವಿ ಹತ್ತಿರ ಇಡಿ. ಕೆಲವು ಸೆಕೆಂಡಿನಲ್ಲಿ ಒಳಗೆ ಟಕ್ ಅಂತ ಒಂದು ಸದ್ದು ಬರುತ್ತದೆ, ಅದು ರಿಲೇ ಸ್ಪೀಕರ್‌ಗೆ ದಾರಿ ಬಿಟ್ಟ ಸದ್ದು, ಒಳ್ಳೆಯ ಸುದ್ದಿ. ಕಾಲು ಗಂಟೆ ಹಾಗೇ ಬಿಡಿ. ನಿಂತರೆ ನಿಮ್ಮ ಸೆಟ್ ಬಹುಮಟ್ಟಿಗೆ ಆರೋಗ್ಯವಾಗಿದೆ. ಬರಿಮೈಯಲ್ಲೂ ಪ್ರೊಟೆಕ್ಟ್‌ಗೆ ಹೋದರೆ ಮಾತ್ರ ಒಳಗಿನ ತೊಂದರೆ, ಹೆಚ್ಚಾಗಿ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿ ಸ್ಪೀಕರ್ ದಾರಿಯಲ್ಲಿ ಡಿಸಿ (ಬ್ಯಾಟರಿಯಂಥ ಒಂದೇ ದಿಕ್ಕಿನ ಕರೆಂಟ್) ಬರುತ್ತಿರುತ್ತದೆ. ಆಗ ಆರು ಸಾವಿರದ ಮಾತು ಆಡಬಹುದು. ಆದರೆ ನೀವು ಮುಚ್ಚಳ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಸೆಟ್ ನಿಂತಿತು ಅಂತಿಟ್ಟುಕೊಳ್ಳಿ. ಪ್ಲಗ್ ಕಿತ್ತು ಒಂದೊಂದೇ ಸ್ಪೀಕರ್ ಸೇರಿಸಿ, ಪ್ರತಿ ಸಲ ಆನ್ ಮಾಡಿ ನೋಡಿ. ಬೇಜಾರಿನ ಕೆಲಸ ನಿಜ, ಆದರೆ ಯಾವುದು ಕಳ್ಳ ಅಂತ ಖಚಿತವಾಗಿ ಗೊತ್ತಾಗುತ್ತದೆ. ವೈರ್ ತುದಿಯ ಎಳೆಗಳನ್ನು ಬೆರಳಲ್ಲಿ ಬಿಗಿಯಾಗಿ ಹೊಸೆದು, ಅರ್ಧ ಇಂಚಿಗಿಂತ ಜಾಸ್ತಿ ಸಿಪ್ಪೆ ತೆಗೆಯಬೇಡಿ. ಮಲ್ಟಿಮೀಟರ್ ಇದ್ದರೆ ರಿಸೀವರ್‌ಗೆ ಸಿಕ್ಕಿಸುವ ಮೊದಲು, ಸ್ಪೀಕರ್‌ಗೆ ಸೇರಿರುವ ವೈರ್‌ನ ರಿಸೀವರ್ ಕಡೆಯ ಕೆಂಪು, ಕಪ್ಪು ತುದಿಗಳಿಗೆ ಹಿಡಿದು ಓಮ್ ನೋಡಿ. 8 ಓಮ್ ಸ್ಪೀಕರ್ ಸುಮಾರು 6ರಿಂದ 7 ತೋರಿಸುತ್ತದೆ, 4 ಓಮ್‌ನದ್ದು 3ರ ಆಚೀಚೆ. ಸೊನ್ನೆಯ ಹತ್ತಿರ ಬಂದರೆ ವೈರ್ ಎಲ್ಲೋ ಶಾರ್ಟ್ ಆಗಿದೆ, ಇಲಿ ಕಡಿದಿದೆಯೋ, ಸೋಫಾ ಕಾಲಿನಡಿ ಸಿಕ್ಕಿದೆಯೋ ನೋಡಿ.

ಇನ್ನೊಂದು ತಪ್ಪು ನಿಮ್ಮ ಫೋಟೊದಲ್ಲೇ ಇದೆ. ನಾಲ್ಕೂ ಸ್ಪೀಕರ್‌ಗಳನ್ನು ಮುಂದಿನ ಎರಡೇ ಟರ್ಮಿನಲ್‌ಗೆ ತುರುಕಿದ್ದೀರಿ, ಸರೌಂಡ್ ಟರ್ಮಿನಲ್, ಅಂದರೆ ಹಿಂದಿನ ಸ್ಪೀಕರ್‌ಗಳದ್ದು, ಖಾಲಿ. 6 ಓಮ್‌ನ ಎರಡನ್ನು ಹೀಗೆ ಒಟ್ಟಿಗೆ ಕಟ್ಟಿದರೆ ರಿಸೀವರ್‌ಗೆ ಕಾಣುವುದು 3 ಓಮ್. ಸಣ್ಣ ಧ್ವನಿಯಲ್ಲಿ ಸಹಿಸಿಕೊಳ್ಳುತ್ತದೆ, ಜೋರಾಗಿ ಇಟ್ಟರೆ ಬೆವರಿ ಪ್ರೊಟೆಕ್ಟ್. ಹಿಂದಿನ ಎರಡು ಸ್ಪೀಕರ್ ಹಿಂದಿನ ಟರ್ಮಿನಲ್‌ಗೇ ಹೋಗಲಿ. ವೈರ್‌ಗೆ ದುಡ್ಡು ಸುರಿಯಬೇಡಿ, ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರ್‌ನ ತಾಮ್ರದ ಫ್ಲೆಕ್ಸಿಬಲ್ ವೈರ್ ನಿಮ್ಮ ಹಾಲ್‌ಗೆ ಧಾರಾಳ ಸಾಕು. ಬ್ಲೇಡಿನಿಂದ ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ.

ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಉಲ್ಟಾ ಆದರೆ ಸೆಟ್ ಹಾಳಾಗುವುದಿಲ್ಲ, ಆದರೆ ಬೇಸ್ (ತಗ್ಗಿನ ಸ್ವರ) ಮಾಯವಾಗಿ ಧ್ವನಿ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಹಳೇ ಸ್ಪೀಕರ್‌ನಲ್ಲಿ ಗುರುತು ಅಳಿಸಿಹೋಗಿದ್ದರೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಗೊಂಡು ಕ್ಷಣಕಾಲ ತಾಗಿಸಿ. ಕೋನ್ ಮುಂದಕ್ಕೆ ಜಿಗಿದರೆ ಸೆಲ್‌ನ ಪ್ಲಸ್ ತಾಗಿದ್ದೇ ಸ್ಪೀಕರ್‌ನ ಪ್ಲಸ್.

ಗುಂಯ್ ಸದ್ದು ಕನ್ವರ್ಟರ್ ಹೋದ ಮೇಲೂ ಉಳಿದರೆ ಅನುಮಾನ ಕೇಬಲ್ ಟಿವಿ ವೈರ್ ಮೇಲೆ. ಸೆಟ್ ಟಾಪ್ ಬಾಕ್ಸ್‌ಗೆ ಬರುವ ಆ ದುಂಡನೆಯ ಕೇಬಲ್ ತಿರುಗಿಸಿ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ತ್ ಲೂಪ್, ಬೀದಿಯ ಕಂಬದ ಅರ್ತ್ ಒಂದು ಕಡೆ, ನಿಮ್ಮ ಮನೆಯದು ಇನ್ನೊಂದು ಕಡೆ ಜಗ್ಗುತ್ತಿದೆ. ಆ ಕೇಬಲ್ ಕೀಳುವಾಗ ಕೈ ಜುಮ್ ಅಂದರೆ ಮನೆಯ ಅರ್ತಿಂಗನ್ನೂ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಗುಂಯ್ ನಿಲ್ಲಿಸಲು ಟಿವಿಯ ಮೂರನೇ ಪಿನ್ ಮುರಿಯುವವರಿದ್ದಾರೆ, ಅವರ ಮಾತು ಕೇಳಬೇಡಿ. ಕರೆಂಟ್ ಹೋದಾಗ ಮಾತ್ರ ಗುಂಯ್ ಅಂದರೆ ಅದು ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್, ಅಂದರೆ ನಯವಾದ ಅಲೆಯ ಬದಲು ಚೌಕದ ಅಲೆ ಕೊಡುವಂಥದ್ದು ಅಂತ, ಆಗ ರಿಸೀವರ್ ಆಫ್ ಇಡಿ ಅಷ್ಟೆ.

ಟಿವಿ ಧ್ವನಿ. ನೀವು ಟಿವಿಯಿಂದ ರಿಸೀವರ್‌ನ ಎಚ್‌ಡಿಎಂಐ ‘ಇನ್’ಗೆ ಹಾಕಿದ್ದೀರಿ, ಹಾಗೆ ಯಾವತ್ತೂ ಬರುವುದಿಲ್ಲ. ರಿಸೀವರ್‌ನ ಎಚ್‌ಡಿಎಂಐ ‘ಔಟ್’ನಿಂದ ಟಿವಿಯಲ್ಲಿ ಎಆರ್‌ಸಿ ಅಂತ ಬರೆದಿರುವ ಒಂದೇ ಪೋರ್ಟ್‌ಗೆ ಹೋಗಬೇಕು. ಚಿತ್ರ ಹೋಗುವ ಅದೇ ಕೇಬಲ್‌ನಲ್ಲಿ ಧ್ವನಿ ವಾಪಸ್ ಬರುತ್ತದೆ. ಇದು 2009ರ ಎಚ್‌ಡಿಎಂಐ 1.4ರಿಂದ ಶುರುವಾಗಿದ್ದು, ರಿಸೀವರ್ ಅದಕ್ಕಿಂತ ಹಳೆಯದಾದರೆ ಈ ಸೌಲಭ್ಯ ಇರುವುದಿಲ್ಲ. ಇದ್ದರೆ ಎರಡೂ ಕಡೆ ಸಿಇಸಿ (ಟಿವಿ, ರಿಸೀವರ್ ಕೇಬಲ್ ಮೂಲಕ ಪರಸ್ಪರ ಮಾತಾಡಿಕೊಳ್ಳುವ ಸೆಟ್ಟಿಂಗ್) ಆನ್ ಮಾಡಿ. ಟಿವಿಯಲ್ಲಿ ಅದಕ್ಕೆ ಒಬ್ಬೊಬ್ಬರು ಒಂದೊಂದು ನಾಮಕರಣ ಮಾಡಿದ್ದಾರೆ, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆಮೇಲೆ ಟಿವಿಯ ಸೌಂಡ್ ಔಟ್‌ಪುಟ್ ರಿಸೀವರ್‌ಗೆ ಬದಲಿಸಿ, ರಿಸೀವರ್‌ನಲ್ಲಿ ಇನ್‌ಪುಟ್ ಟಿವಿ ಅಂತ ಒತ್ತಿ, ಫಾರ್ಮ್ಯಾಟ್ ಮೊದಲಿಗೆ ಪಿಸಿಎಂ (ಸಾದಾ ಡಿಜಿಟಲ್ ಧ್ವನಿ) ಇಡಿ. ಧ್ವನಿ ಬಂದ ಮೇಲೆ ಡಾಲ್ಬಿಗೆ ಬದಲಿಸಿಕೊಳ್ಳಿ.

ಎಆರ್‌ಸಿ ಇಲ್ಲದಿದ್ದರೂ, ಇದ್ದು ಕೈಕೊಟ್ಟರೂ ಆಪ್ಟಿಕಲ್ ಕೇಬಲ್ ಹಾಕಿ. ಸುಮ್ನೆ ಹೇಳುತ್ತಿಲ್ಲ, ನನ್ನ ಮನೆಯಲ್ಲಿ ಅದೇ ಇರುವುದು. ಅದರಲ್ಲಿ ಹೋಗುವುದು ಬೆಳಕು, ಕರೆಂಟಲ್ಲ, ಹಾಗಾಗಿ ಟಿವಿ ಕಡೆಯ ಗುಂಯ್ ಆ ದಾರಿಯಲ್ಲಿ ಬರುವುದೇ ಇಲ್ಲ. ಮಲೆನಾಡಿನಲ್ಲಿ ಏಪ್ರಿಲ್, ಮೇ ಗುಡುಗಿಗೆ ಕೇಬಲ್ ವೈರಿನಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಹಿಡಿದು ರಿಸೀವರ್‌ಗೆ ಹೊಡೆತ ಬಿದ್ದು ಬೋರ್ಡ್ ಹೋಗುವುದನ್ನು ಕಂಡಿದ್ದೇನೆ, ಆಪ್ಟಿಕಲ್‌ನಲ್ಲಿ ಆ ದಾರಿ ಬಂದ್. ಹೊಸ ಕೇಬಲ್‌ನ ಎರಡು ತುದಿಗೂ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಅದನ್ನು ತೆಗೆಯದೆ ತುರುಕಿ ಪೋರ್ಟ್ ಮುರಿದವರಿದ್ದಾರೆ. ಟಿವಿ ಕಡೆ ಸಿಕ್ಕಿಸಿದ ಮೇಲೆ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಾಣಬೇಕು.

ಇಷ್ಟಾದ ಮೇಲೆ ನಿಮಗೆ ಮುಂದಿನ ತೊಂದರೆ ಏನು ಬರುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ಹಾಡು, ಫೈಟು ಎಲ್ಲ ಕೇಳುತ್ತದೆ, ಮಾತು ಕೇಳುವುದಿಲ್ಲ. ನಿಮ್ಮ ಬಳಿ ಸೆಂಟರ್ ಸ್ಪೀಕರ್ ಇಲ್ಲ ಅಲ್ವಾ? ಬಾವನ ಮನೆಯಲ್ಲಿ ಇತ್ತು, ರಿಸೀವರ್ ಇನ್ನೂ ಇದೆ ಅಂತಲೇ ನಂಬಿಕೊಂಡು ಸಂಭಾಷಣೆಯನ್ನೆಲ್ಲ ಖಾಲಿ ಟರ್ಮಿನಲ್‌ಗೆ ಕಳಿಸುತ್ತದೆ. ಸ್ಪೀಕರ್ ಸೆಟಪ್‌ಗೆ ಹೋಗಿ ಸೆಂಟರ್ ‘ನನ್’ (None, ಇಲ್ಲ) ಮಾಡಿ, ಸಬ್‌ವೂಫರ್ ಇಲ್ಲದಿದ್ದರೆ ಅದನ್ನೂ. ಆಗ ಮಾತು ಮುಂದಿನ ಎರಡು ಸ್ಪೀಕರ್‌ಗೆ ಹಂಚಿಹೋಗುತ್ತದೆ.

ಕೊನೆಗೆ ಅಪ್ಪನ ರೇಡಿಯೊ. ಇದು ಕೆಟ್ಟಿದ್ದಲ್ಲ. ಅಮೆರಿಕದಲ್ಲಿ ಎಫ್‌ಎಂ ಕೇಂದ್ರಗಳೆಲ್ಲ ಬೆಸಸಂಖ್ಯೆಯಲ್ಲಿ ಕೊನೆಯಾಗುತ್ತವೆ, 100.5 ಆದ ಮೇಲೆ 100.7. ಅಲ್ಲಿನ ಟ್ಯೂನರ್ ಹಾಗೇ ಎರಡೆರಡು ಹೆಜ್ಜೆ ಹಾಕುತ್ತದೆ, ನಿಮ್ಮ 100.6 ನಡುವೆ ಹಾರಿಹೋಗುತ್ತದೆ. ಬೆಂಗಳೂರಿನಲ್ಲಿದ್ದಿದ್ದರೆ ರೇನ್‌ಬೋ 101.3, ವಿವಿಧ ಭಾರತಿ 102.9 ಆರಾಮಾಗಿ ಬರುತ್ತಿದ್ದವು, ಗೊತ್ತೇ ಆಗುತ್ತಿರಲಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಈ ಹೆಜ್ಜೆ ಬದಲಿಸುವ ಸೆಟ್ಟಿಂಗ್ ಇರುತ್ತದೆ, ಮ್ಯಾನುಯಲ್‌ನಲ್ಲಿ ಟ್ಯೂನರ್ ಸ್ಟೆಪ್ ಅಂತ ಹುಡುಕಿ. ಇಲ್ಲದಿದ್ದರೆ 100.5ಕ್ಕೆ ಇಟ್ಟು ಮೊನೊ ಮಾಡಿ ನೋಡಿ, ಬಂದರೂ ಸ್ವಲ್ಪ ಒಡೆದ ಹಾಗೆ ಬರುತ್ತದೆ. ಅಪ್ಪ ಒಪ್ಪದಿದ್ದರೆ ಅವರ ಹಳೇ ಪಾಕೆಟ್ ರೇಡಿಯೊದ ಹೆಡ್‌ಫೋನ್ ತೂತಿನಿಂದ ರಿಸೀವರ್‌ನ ಆಕ್ಸ್‌ಗೆ ಒಂದು ವೈರ್ ಎಳೆಯಿರಿ. ಟ್ಯೂನ್ ಮಾಡುವ ಚಕ್ರ ಅವರ ಕೈಯಲ್ಲೇ ಇರುತ್ತದೆ, ಧ್ವನಿ ದೊಡ್ಡ ಸ್ಪೀಕರ್‌ನಲ್ಲಿ ಬರುತ್ತದೆ.

ರಿಸೀವರ್ ಹಿಂದಿನ ಪಟ್ಟಿಯ ಫೋಟೊ ಒಂದು ಹಾಕಿ, ಎಷ್ಟು ವಿಎ ಬೇಕು ಅಂತ ನೋಡಿ ಹೇಳುತ್ತೇನೆ.