ಡ್ರಿಪ್ ಜೋರು ಬಿಡಿ ಎನ್ನಬೇಡಿ

ಪ್ರಶ್ನೆ: ತಾಯಿಗೆ ಸ್ತನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಬೆಳಿಗ್ಗೆ 8ಕ್ಕೇ ಡೇ ಕೇರ್ ವಾರ್ಡಿಗೆ ಹೋದರೂ ಔಷಧಿ ಶುರುವಾಗುವುದು 12ಕ್ಕೆ. ಬಸ್ಸು ತಪ್ಪುತ್ತದೆ, ಡ್ರಿಪ್ ಸ್ವಲ್ಪ ಜೋರು ಬಿಡಿ ಎಂದರೆ ಸಿಸ್ಟರ್ ರೇಗುತ್ತಾರೆ. ಇದು ಸರಿಯೇ? (ಹಾವೇರಿಯ ಓದುಗರು)

ಉತ್ತರ: ಸಿಸ್ಟರ್ ಒಪ್ಪದಿದ್ದದ್ದೇ ಸರಿ. ಇದೇ ದೂರು ಮತ್ತೆ ಮತ್ತೆ ಬರುತ್ತಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ರಕ್ತದ ವರದಿ ಕೈಗೆ ಬರಬೇಕು. ಸಾಮಾನ್ಯವಾಗಿ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) 1,500, ಪ್ಲೇಟ್‌ಲೆಟ್ 1 ಲಕ್ಷ ದಾಟಿದ್ದರೆ ಮುಂದಿನ ಮಾತು. ಡೋಸ್ ಎತ್ತರ, ತೂಕದ ಲೆಕ್ಕದ್ದು. ತೂಕ ಶೇ 10ರಷ್ಟು ಇಳಿದಿದ್ದರೆ ಮತ್ತೆ ಲೆಕ್ಕ ಹಾಕಬೇಕು. ಔಷಧಿ ಬೆರೆಸಿ ಬಂದ ಮೇಲೆ ಇಬ್ಬರು ನರ್ಸ್‌ಗಳು ಬೇರೆಬೇರೆಯಾಗಿ ಹೆಸರು, ಆಸ್ಪತ್ರೆ ನಂಬರು, ಔಷಧಿ, ಪ್ರಮಾಣ, ಹರಿಸುವ ಸಮಯ ತಾಳೆ ನೋಡಬೇಕು. ಆ ಹೊತ್ತಿನಲ್ಲಿ "ಸಿಸ್ಟರ್, ಬಿಲ್ ಎಲ್ಲಿ ಕಟ್ಟೋದು?" ಎಂದು ನಡುವೆ ಬಾಯಿ ಹಾಕಬೇಡಿ. ತಪ್ಪು ನುಸುಳುವುದು ಅಲ್ಲೇ.

ಕೆಂಪು ಔಷಧಿ, ಅಂದರೆ ಡಾಕ್ಸೊರುಬಿಸಿನ್, ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಕೊಳೆಯುತ್ತದೆ. ಅದಕ್ಕೇ ಸಿರಿಂಜಿನಲ್ಲಿ ನಿಧಾನಕ್ಕೆ ತಳ್ಳುತ್ತಾ, 2–5 ಎಂ.ಎಲ್.ಗೊಮ್ಮೆ ಹಿಂದಕ್ಕೆಳೆದು ರಕ್ತ ಬರುತ್ತಿದೆಯೇ ಎಂದು ನೋಡುತ್ತಾರೆ. ಉರಿ, ಊತ ಕಂಡ ಕೂಡಲೇ ಹೇಳಿ. ಮುಗಿಯಲಿ ಎಂದು ಹಲ್ಲು ಕಚ್ಚಿ ಕೂರಬೇಡಿ. ಸಿಸ್ಟರ್ ಔಷಧಿ ನಿಲ್ಲಿಸಿ, ನಾಳಕ್ಕೆ ಚುಚ್ಚಿದ ಕೊಳವೆ (ಕ್ಯಾನುಲಾ) ಕೀಳದೆ ಅದರಿಂದಲೇ ಉಳಿದದ್ದನ್ನು ಹೀರಿ ತೆಗೆದು, ಊತದ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಐಸ್ ಇಡುತ್ತಾರೆ. ಈ ಸೋರಿಕೆಗೆ ಪ್ರತಿಮದ್ದಾಗಿ ಕೊಡುವ ಡೆಕ್ಸ್‌ರಾಜಾಕ್ಸೇನ್ 6 ಗಂಟೆಯೊಳಗೆ ಶುರುವಾಗಬೇಕು. ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ.

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿಯ ಅಪಾಯ ಬೇರೆ. ಮೂರು ವಾರಕ್ಕೊಮ್ಮೆಯ ಡೋಸ್ 3 ಗಂಟೆ ಹರಿಯಬೇಕು. ಅದಕ್ಕೂ ಅರ್ಧ–ಒಂದು ಗಂಟೆ ಮುಂಚೆ ಸ್ಟೀರಾಯ್ಡ್, ಅಲರ್ಜಿ ತಡೆಯುವ ಇಂಜೆಕ್ಷನ್. ಮೊದಲ 10–15 ನಿಮಿಷದಲ್ಲಿ ಮುಖ ಕೆಂಪಾಗುವುದು, ಸೊಂಟ ನೋವು, ಉಸಿರು ಕಟ್ಟುವುದು ಶುರುವಾಗಬಹುದು. ಆಗ ಸಿಸ್ಟರ್ ಮಂಚದ ಪಕ್ಕದಲ್ಲೇ ಇರಬೇಕು. ಅವರು ಅತ್ತ ತಿರುಗಿದಾಗ ಡ್ರಿಪ್ಪಿನ ಚಕ್ರ ತಿರುಗಿಸುವ ಸಂಬಂಧಿಕರಿದ್ದಾರೆ. ಅದು ಜೀವಕ್ಕೇ ಅಪಾಯ.

ಇಷ್ಟೆಲ್ಲವನ್ನೂ ಒಬ್ಬ ಸಿಸ್ಟರ್ ಹಲವು ಮಂಚಗಳ ನಡುವೆ ಓಡಾಡುತ್ತಾ ಮಾಡುತ್ತಾರೆ. ಮೇಲೆ ಎರಡು ಜೊತೆ ಗ್ಲೌಸ್, ಗೌನ್. ಚೆಲ್ಲಿದ ಔಷಧಿಯಿಂದ ಅವರ ಮೈಗೂ ಅಪಾಯ. ಕೂಗಾಡುವುದಿದ್ದರೆ ಆಡಳಿತದವರ ಮುಂದೆ ಕೂಗಾಡಿ, ನರ್ಸ್‌ಗಳ ಸಂಖ್ಯೆ ಹೆಚ್ಚಿಸಿ ಎಂದು ಕೇಳಿ. ನಿಮ್ಮ ವೈದ್ಯರು ಒಪ್ಪಿದರೆ ಹಿಂದಿನ ದಿನವೇ ಊರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ ವರದಿ ಕಳಿಸಿ. ಬೆಳಗಿನ ಕಾಯುವಿಕೆ ಎಷ್ಟೋ ತಗ್ಗುತ್ತದೆ.

ಪ್ರಶ್ನೆ: ನಮ್ಮ ದೇಶದ್ದೇ ಕಾರ್-ಟಿ ಚಿಕಿತ್ಸೆ ಸ್ತನ ಕ್ಯಾನ್ಸರ್‌ಗೆ ಆಗುತ್ತದೆಯೇ?

ಉತ್ತರ: ಇಲ್ಲ. ಕಾರ್-ಟಿ ಎಂದರೆ ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವುದು. 2023ರಲ್ಲಿ ಒಪ್ಪಿಗೆ ಪಡೆದ ನಮ್ಮ ದೇಶದ ನೆಕ್ಸ್‌ಕಾರ್19 ಬಿ-ಕೋಶದ ರಕ್ತ ಕ್ಯಾನ್ಸರ್, ಲಿಂಫೋಮಾಗೆ ಮಾತ್ರ. ನೀವು ಕೇಳಬೇಕಾದದ್ದು ಹರ್2 (ಗಡ್ಡೆಯ ಕೋಶಗಳ ಮೇಲಿನ ಒಂದು ಪ್ರೋಟೀನ್) ವರದಿಯನ್ನು. ಪಾಸಿಟಿವ್ ಇದ್ದರೆ ಆ ಪ್ರೋಟೀನನ್ನೇ ಗುರಿಯಾಗಿಸುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿ ಇದೆ. ಮೊದಲ ಡ್ರಿಪ್‌ಗೆ 90 ನಿಮಿಷ ಹಿಡಿಯುತ್ತಿದ್ದ ಅದು ಈಗ ತೊಡೆಯ ಚರ್ಮದಡಿ 5 ನಿಮಿಷದೊಳಗೆ ಮುಗಿಯುವ ಇಂಜೆಕ್ಷನ್ ಆಗಿಯೂ ಸಿಗುತ್ತದೆ. ಇದು ಹೃದಯಕ್ಕೆ ತೊಂದರೆ ಮಾಡಬಹುದಾದ್ದರಿಂದ ಹೃದಯದ ಎಕೋ ಮಾತ್ರ ತಪ್ಪಿಸಬೇಡಿ.

ಪ್ರಶ್ನೆ: ಲಕ್ಷ್ಮಣಫಲದ ಕಷಾಯ, ನಾಟಿ ಪುಡಿ ಜೊತೆಗೆ ಕೊಡಬಹುದೇ?

ಉತ್ತರ: ಬೇಡ. ಆ ಪುಡಿಯಲ್ಲಿ ಏನಿದೆ ಎಂದು ಹೇಳದವರಿಗೆ ನಿಮ್ಮ ತಾಯಿಯ ಲಿವರ್ ಒಪ್ಪಿಸಬೇಡಿ.

ಪ್ರಶ್ನೆ: ಕೀಮೋ ಆಗಿ ಹತ್ತನೇ ದಿನ ಜ್ವರ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಲೇ?

ಉತ್ತರ: ಕಾಯಬೇಡಿ. ಬಿಳಿ ರಕ್ತಕಣ ತೀರಾ ಇಳಿಯುವುದು 7ರಿಂದ 14ನೇ ದಿನದ ನಡುವೆ. ಥರ್ಮಾಮೀಟರ್ 100.4 ಡಿಗ್ರಿ ತೋರಿಸಿದರೆ ರಾತ್ರಿ ಎರಡಾಗಿದ್ದರೂ ಹೊರಡಿ. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಸೋಂಕು ಒಳಗೆ ಬೆಳೆಯುತ್ತದೆ. ಎಮರ್ಜೆನ್ಸಿಯಲ್ಲಿ ಮೊದಲ ಮಾತೇ "ಕೀಮೋ ಆಗಿದೆ" ಎಂದಿರಲಿ. ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ನಾಳಕ್ಕೆ ಹೋಗಬೇಕು.