ಎಲೆ ಉದುರುವ ಕಾಲಕ್ಕೆ ಗೆಳತಿಯರ ನೆನಪು

ಪ್ರಶ್ನೆ: ನನಗೆ 41 ವರ್ಷ. ಓದಿದ್ದು, ಮೊದಲ ಕೆಲಸಕ್ಕೆ ಸೇರಿದ್ದು ಶರತ್ಕಾಲದಲ್ಲಿ ಮರಗಳೆಲ್ಲ ಬಣ್ಣ ಬದಲಿಸುವ ಒಂದು ತಣ್ಣನೆಯ ದೇಶದಲ್ಲಿ. ಪ್ರತಿ ವರ್ಷ ಆ ಸಮಯಕ್ಕೆ ನಾವು ನಾಲ್ವರು ಗೆಳತಿಯರು ಕಾಡಿನ ಅಂಚಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಎರಡು ದಿನ ಒಟ್ಟಿಗಿರುತ್ತಿದ್ದೆವು. ಈಗ ನಾನಿರುವ ಊರಿನಲ್ಲಿ ವರ್ಷವಿಡೀ ಹಸಿರೇ. ಗೆಳತಿಯರಲ್ಲಿ ಇಬ್ಬರು ಆ ತಣ್ಣನೆಯ ದೇಶದಲ್ಲೇ ಇದ್ದಾರೆ. ಇನ್ನೊಬ್ಬಳು ಭೂಮಧ್ಯರೇಖೆಯ ಆಚೆ, ದಕ್ಷಿಣದ ದೇಶವೊಂದರಲ್ಲಿ ನೆಲೆಸಿದ್ದಾಳೆ. ಕಳೆದ ವರ್ಷ ಆ ಇಬ್ಬರು ಅದೇ ಮನೆಗೆ ಹೋಗಿ ನಮಗೆ ಫೋಟೋ ಕಳಿಸಿದರು. ಬೆಂಕಿಯ ಸುತ್ತ ನಾಲ್ಕು ಕುರ್ಚಿ, ಕೂತವರು ಇಬ್ಬರೇ. ನೋಡಿ ಖುಷಿಗಿಂತ ಸಂಕಟವೇ ಜಾಸ್ತಿ ಆಯಿತು. ಉತ್ತರ ಕೊಡಲಿಲ್ಲ. ಆಮೇಲೆ ಮಾತೇ ನಿಂತುಹೋಗಿದೆ. ಸೆಪ್ಟೆಂಬರ್ ಬಂದರೆ ಅಳುವೇ ಬರುತ್ತದೆ. ನಮ್ಮ ಯಜಮಾನರು ‘ಇದೊಂದು ಕಾಯಿಲೆ, ಬಿಟ್ಟುಬಿಡು’ ಎನ್ನುತ್ತಾರೆ. ನಾನೇ ಮೊದಲು ಮಾತಾಡಿಸಬೇಕಾ? ಇಷ್ಟು ದಿನ ಸುಮ್ಮನಿದ್ದು ಈಗ ಹೋದರೆ ಏನಂದುಕೊಂಡಾರು?

ಉತ್ತರ: ಹೌದು, ನೀವೇ ಮಾತಾಡಿಸಿ. ಈ ವಾರವೇ.

ಮೊದಲು ಆ ಫೋಟೋ ವಿಷಯ. ನಿಮ್ಮನ್ನು ಬಿಟ್ಟು ಸೇರಿದರು ಅಂತ ನಿಮಗೆ ಅನ್ನಿಸಿತು. ಆದರೆ ಬಿಟ್ಟು ಸೇರಬೇಕು ಅಂದುಕೊಂಡವರು ಫೋಟೋ ಕಳಿಸುವುದಿಲ್ಲ, ಅಲ್ವಾ? ಇಬ್ಬರೇ ಇದ್ದರೂ ಕುರ್ಚಿ ಮಾತ್ರ ನಾಲ್ಕಿದ್ದವು. ಅದನ್ನು ನಿಮಗೆ ತೋರಿಸಬೇಕು ಅನ್ನಿಸಿಯೇ ಕಳಿಸಿರಬಹುದು. ಈಗ ಅವರ ಜಾಗದಲ್ಲಿ ನಿಂತು ನೋಡಿ. ಪ್ರೀತಿಯಿಂದ ಕಳಿಸಿದ ಫೋಟೋಗೆ ಒಂದು ಮಾತೂ ವಾಪಸ್ ಬರಲಿಲ್ಲ. ಅವರಿಗೂ ನೋವಾಗಿರುತ್ತದೆ. ಎರಡೂ ಕಡೆಯವರು ಇನ್ನೊಬ್ಬರು ಮಾತಾಡಲಿ ಅಂತ ಕಾಯುತ್ತಾ ಕೂತರೆ ವರ್ಷಗಳು ಸುಮ್ಮನೆ ಕಳೆದುಹೋಗುತ್ತವೆ.

ಇನ್ನು ಶರತ್ಕಾಲ. ನಿಮ್ಮನ್ನು ಇಷ್ಟೊಂದು ಕಾಡುತ್ತಿರುವುದು ಬರೀ ಆ ಕೆಂಪು, ಹಳದಿ ಅಂತ ನನಗೆ ಅನ್ನಿಸುವುದಿಲ್ಲ. ಹಗಲು ಚಿಕ್ಕದಾಗಿ ಚಳಿ ಶುರುವಾದಾಗ ಎಲೆಯ ಹಸಿರು ಕರಗುತ್ತದೆ. ಅದರಡಿಯಲ್ಲಿ ಮೊದಲಿಂದಲೂ ಇದ್ದ ಹಳದಿ ಕಾಣತೊಡಗುತ್ತದೆ. ಕೆಲವು ಮರಗಳು ಆಗಲೇ ಹೊಸದಾಗಿ ಕೆಂಪು ಬಣ್ಣ ತಯಾರಿಸುತ್ತವೆ. ಈ ಬಣ್ಣ ತುಂಬಿ ನಿಲ್ಲುವುದು ಕೆಲವೇ ದಿನ, ಒಂದು ಜೋರು ಗಾಳಿಮಳೆ ಬಂದರೆ ಅದೂ ಇಲ್ಲ. ಹಾಗಾಗಿ ನಿಮ್ಮ ಭೇಟಿಯನ್ನು ಮುಂದೂಡಲು ಆಗುತ್ತಲೇ ಇರಲಿಲ್ಲ. ಯಾರೂ ಯಾರನ್ನೂ ಕರೆಯಬೇಕಿರಲಿಲ್ಲ. ದಿನ ಗೊತ್ತುಮಾಡಿ ನಿಮ್ಮನ್ನು ಕರೆಯುತ್ತಿದ್ದದ್ದು ಮರಗಳು. ಈಗ ನಿಮ್ಮೂರಲ್ಲಿ ಕರೆಯುವ ಮರಗಳಿಲ್ಲ. ‘ನೋಡೋಣ, ಮುಂದಿನ ತಿಂಗಳು’ ಅನ್ನುವುದು ಸುಲಭವಾಗಿಬಿಟ್ಟಿದೆ. ಆ ಕರೆಯುವ ಕೆಲಸವನ್ನು ನೀವು ಕೈಗೆತ್ತಿಕೊಳ್ಳಬೇಕು.

ಏನಂದುಕೊಂಡಾರು ಎಂಬ ಭಯ ಬಹಳ ಜನರಿಗಿದೆ. 2022ರಲ್ಲಿ ಪೆಗ್ಗಿ ಲಿಯು ಎಂಬ ಸಂಶೋಧಕಿ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿ ನೋಡಿದರು. ಸುಮ್ನೆ ಹೇಗಿದ್ದೀಯಾ ಅಂತ ವಿಚಾರಿಸಿದರೆ ಎದುರಿನವರಿಗೆ ಎಷ್ಟು ಸಂತೋಷವಾಗುತ್ತದೆ ಎಂಬುದನ್ನು ನಾವು ಕಡಿಮೆಯಾಗಿಯೇ ಅಂದಾಜು ಮಾಡುತ್ತೇವಂತೆ. ಆ ಮಾತು ಅನಿರೀಕ್ಷಿತವಾಗಿ ಬಂದಷ್ಟೂ ಅವರ ಸಂತೋಷ ಹೆಚ್ಚು. ಅಂದರೆ ಇಷ್ಟು ದಿನದ ಮೌನವೂ ನಿಮ್ಮ ಕರೆಯ ಬೆಲೆಯನ್ನು ಕಡಿಮೆ ಮಾಡುವುದಿಲ್ಲ.

ಮೊದಲ ಫೋನು ದಕ್ಷಿಣದಲ್ಲಿರುವವಳಿಗೆ ಮಾಡಿ. ಆ ಫೋಟೋ ಅವಳಿಗೂ ಹೋಗಿತ್ತಲ್ಲ! ಅವರಿಬ್ಬರು ಬೆಂಕಿ ಕಾಯಿಸುವಾಗ ಅವಳ ಊರಲ್ಲಿ ಮರಗಳು ಚಿಗುರುತ್ತಿರುತ್ತವೆ. ನಿಮ್ಮ ಸಂಕಟ ಬೇಗ ಅರ್ಥವಾಗುವುದು ಅವಳಿಗೇ. ಮೆಸೇಜು ಹಾಕುವುದಕ್ಕಿಂತ ದನಿ ಕೇಳಿಸುವುದು ಒಳ್ಳೆಯದು. ಆಮೇಲೆ ಉಳಿದಿಬ್ಬರಿಗೆ ಫೋನು ಮಾಡಿ. ಉದ್ದನೆಯ ವಿವರಣೆ ಬೇಡ. ‘ಆ ಫೋಟೋ ನೋಡಿ ಹೊಟ್ಟೆಯಲ್ಲಿ ಸಂಕಟವಾಯ್ತು ಕಣೇ, ಅದಕ್ಕೇ ಮಾತಾಡಲಿಲ್ಲ’ ಎಂದರೆ ಸಾಕು.

ದಕ್ಷಿಣಾರ್ಧ ಗೋಳದಲ್ಲಿ ಶರತ್ಕಾಲ ಬರುವುದು ಮಾರ್ಚ್‌ನಿಂದ ಮೇವರೆಗೆ. ನಿಮ್ಮ ಗುಂಪಿಗೆ ಈಗ ವರ್ಷಕ್ಕೆ ಎರಡು ಶರತ್ಕಾಲ ಸಿಕ್ಕಿವೆ! ಸೆಪ್ಟೆಂಬರ್ 22ರ ಆಸುಪಾಸಿಗೆ ಹಗಲು ರಾತ್ರಿ ಸಮ ಆಗುತ್ತದಲ್ಲ, ಅದಾದ ಮೊದಲ ಭಾನುವಾರ ನಾಲ್ವರೂ ವಿಡಿಯೋ ಕರೆಯಲ್ಲಿ ಸೇರಿ. ಮಾರ್ಚ್ 20ರ ಸುಮಾರಿಗೆ ಇನ್ನೊಮ್ಮೆ. ಒಮ್ಮೆ ಅವರು ತಮ್ಮ ಮರ ತೋರಿಸಲಿ, ಇನ್ನೊಮ್ಮೆ ದಕ್ಷಿಣದವಳು ತೋರಿಸಲಿ. ‘ಯಾವಾಗ ಪುರುಸೊತ್ತು?’ ಎಂದು ಕೇಳಲು ಹೋಗಬೇಡಿ, ಅಲ್ಲೇ ಎಲ್ಲ ಕೆಡುವುದು.

ಯಜಮಾನರ ಮಾತಿಗೂ ಒಂದು ಹಿನ್ನೆಲೆ ಇದೆ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಊರಿನ ಹಂಬಲವನ್ನು ಕಾಯಿಲೆ ಎಂದೇ ಬರೆದಿದ್ದ. ಇಂದಿನ ಮನಶ್ಶಾಸ್ತ್ರ ಹಾಗೆ ನೋಡುವುದಿಲ್ಲ. ಇಂಥ ನೆನಪುಗಳ ತುಂಬ ಇರುವುದು ನಮ್ಮ ಹತ್ತಿರದವರೇ. ಅವು ಒಂಟಿತನಕ್ಕೆ ಔಷಧ ಎಂದು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವರ್ಷಗಳಿಂದ ಹೇಳುತ್ತಿದ್ದಾರೆ. ಅಳು ಎರಡು ವಾರ ದಾಟಿಯೂ ನಿಲ್ಲದಿದ್ದರೆ, ನಿದ್ದೆ, ಊಟ, ಕೆಲಸ ಕೆಟ್ಟರೆ ಮಾತ್ರ ವೈದ್ಯರನ್ನು ಕಾಣಿ. ಹಾಗಿಲ್ಲದಿದ್ದರೆ ಇದು ಗೆಳತಿಯರ ಮೇಲಿನ ಪ್ರೀತಿ ಅಷ್ಟೇ ಎಂದು ಯಜಮಾನರಿಗೆ ಧೈರ್ಯವಾಗಿ ಹೇಳಿ.

ನಿಜವಾಗಿಯೂ ಆ ಮನೆಗೆ ಹೋಗುವ ಮಾತನ್ನು ಮೊದಲ ಫೋನಿನಲ್ಲೇ ತೆಗೆಯಬೇಡಿ. ಕರೆಗಳು ಒಂದೆರಡು ಸಲ ನಡೆದು ಮಾತು ಹಳೆಯ ಹದಕ್ಕೆ ಬರಲಿ. ಆಮೇಲೆ ರಜೆ, ಖರ್ಚು ಲೆಕ್ಕ ಹಾಕಿ. ಒಬ್ಬಳಿಗೆ ಬರಲಾಗದಿದ್ದರೂ ಉಳಿದ ಮೂವರು ಹೋಗಿಬನ್ನಿ. ಬರಲಾಗದವಳಿಗೆ ಅಲ್ಲಿಂದಲೇ ಫೋನು ಮಾಡಿ.