ನೆಟ್ಟಗೆ ಕೂತರೂ ಸೊಂಟನೋವು ಏಕೆ?

ಪ್ರಶ್ನೆ: ನನಗೆ 38 ವರ್ಷ. ಡೊಂಬಿವಲಿಯಿಂದ ಮುಂಬೈನ ಫೋರ್ಟ್‌ನ ಕಚೇರಿಗೆ ದಿನವೂ ಲೋಕಲ್ ರೈಲಿನಲ್ಲಿ ಓಡಾಡುತ್ತೇನೆ. ಲೆಕ್ಕಪತ್ರದ ಕೆಲಸ, ದಿನವಿಡೀ ಕಂಪ್ಯೂಟರ್ ಮುಂದೆ ಕೂರಬೇಕು. ಕೆಲವು ತಿಂಗಳಿಂದ ಸೊಂಟನೋವಿದೆ. ಮಧ್ಯಾಹ್ನದ ಹೊತ್ತಿಗೆ ಹೆಚ್ಚುತ್ತದೆ, ರೈಲಿನಲ್ಲಿ ನಿಂತು ಬರುವಾಗ ತಗ್ಗುತ್ತದೆ, ಕಾಲಿಗೆ ಇಳಿಯುವುದಿಲ್ಲ. ಎಂಆರ್‌ಐ ವರದಿಯಲ್ಲಿ ಎಲ್4-ಎಲ್5 (ಸೊಂಟದ ನಾಲ್ಕನೇ, ಐದನೇ ಕಶೇರುಕ, ಅಂದರೆ ಬೆನ್ನೆಲುಬಿನ ಬಿಡಿ ಮೂಳೆಗಳು) ನಡುವೆ ಡಿಸ್ಕ್ ಬಲ್ಜ್ (ಮೂಳೆಗಳ ನಡುವಿನ ಮೆತ್ತೆ ಉಬ್ಬಿರುವುದು) ಇದೆಯೆಂದು ಬಂದಿದೆ. ನೆಟ್ಟಗೆ ಕೂರಿ ಎಂದು ಎಲ್ಲರೂ ಹೇಳುತ್ತಾರೆ, ಹಾಗೆ ಕೂತರೆ ಅರ್ಧ ಗಂಟೆಯಲ್ಲೇ ಬೆನ್ನು ಬಿಗಿಯುತ್ತದೆ. ಬೆಲ್ಟ್ ಕಟ್ಟಿಕೊಳ್ಳಲೇ?

ಉತ್ತರ: ನಿಂತಾಗ ನೋವು ತಗ್ಗುತ್ತದೆ, ಕಾಲಿಗೆ ಇಳಿಯುವುದಿಲ್ಲ ಎಂದು ನೀವು ಬರೆದಿರುವುದು ನನಗೆ ಎಂಆರ್‌ಐ ವರದಿಗಿಂತ ಮುಖ್ಯವಾಗಿ ಕಾಣುತ್ತದೆ. ನರ ಒತ್ತಿಕೊಂಡಿದ್ದರೆ ನೋವು ಸಾಮಾನ್ಯವಾಗಿ ಪೃಷ್ಠದಿಂದ ತೊಡೆ, ಮೀನಖಂಡದವರೆಗೂ ಎಳೆಯುತ್ತದೆ. ಡಿಸ್ಕ್ ಬಲ್ಜ್ ಎಂಬ ಮಾತು ಹೆದರಿಸುವಂತಿದ್ದರೂ, ಸೊಂಟನೋವೇ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, 40 ವರ್ಷದವರ ಪೈಕಿ ನೂರಕ್ಕೆ ಸುಮಾರು 50 ಮಂದಿಯಲ್ಲಿ ಅದು ಕಂಡುಬಂದಿತ್ತು. ಆದ್ದರಿಂದ ವರದಿಯ ಆ ಒಂದು ಸಾಲನ್ನೇ ನಿಮ್ಮ ನೋವಿನ ಕಾರಣವೆಂದು ಒಪ್ಪಲು ನಾನು ಸಿದ್ಧನಿಲ್ಲ.

ಸ್ನಾಯುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನೋಡಿದರೆ ನಿಮ್ಮ ಅನುಭವ ಅರ್ಥವಾಗುತ್ತದೆ. ಕುರ್ಚಿಯಲ್ಲಿ ಕುಸಿದು ಕೂತಾಗ ಪೆಲ್ವಿಸ್ (ಸೊಂಟದ ಕೆಳಗಿನ ಮೂಳೆಗೂಡು) ಹಿಂದಕ್ಕೆ ವಾಲಿ, ಸೊಂಟದ ಐದು ಕಶೇರುಕಗಳ ಸಹಜವಾದ ಒಳಬಾಗು ಚಪ್ಪಟೆಯಾಗುತ್ತದೆ. ಬೆನ್ನನ್ನು ಎತ್ತಿಹಿಡಿಯುವ ಸ್ನಾಯುಗಳು ಕೆಲಸ ತಗ್ಗಿಸುವುದರಿಂದ ಭಾರದ ಹೆಚ್ಚಿನ ಪಾಲು ಹಿಂಬದಿಯ ಅಸ್ಥಿರಜ್ಜುಗಳ (ಮೂಳೆಗಳನ್ನು ಜೋಡಿಸುವ ಪಟ್ಟಿಗಳ) ಹಾಗೂ ಡಿಸ್ಕಿನ ಮೇಲೆ ಬೀಳುತ್ತದೆ. ಹೊತ್ತು ಕಳೆದಂತೆ ನಿಧಾನವಾಗಿ ಹಿಗ್ಗುವ ಈ ಅಂಗಾಂಶಗಳು ಎದ್ದ ಕೂಡಲೇ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಇನ್ನು ಎದೆ ಸೆಟೆಸಿ ಕೂತಾಗ ಅದೇ ಸ್ನಾಯುಗಳು ಅಲ್ಪ ಬಲದಲ್ಲಾದರೂ ಬಿಡುವಿಲ್ಲದೆ ಬಿಗಿದುಕೊಂಡಿರಬೇಕಾಗುತ್ತದೆ, ಹಾಗಾಗಿ ದಣಿಯುತ್ತವೆ. ಅರ್ಧ ಗಂಟೆಗೆ ನಿಮ್ಮ ಬೆನ್ನು ಬಿಗಿಯುವುದು ಬಹುಮಟ್ಟಿಗೆ ಈ ದಣಿವಿನಿಂದ. ಯಾವ ಭಂಗಿಯನ್ನೇ ಆಗಲಿ ಬಹಳ ಹೊತ್ತು ಬದಲಿಸದೆ ಇರುವುದರಲ್ಲಿ ತೊಂದರೆಯಿದೆ.

‘ನೆಟ್ಟಗೆ ಕೂರಿ’ ಎಂಬ ಉಪದೇಶಕ್ಕೆ ಬಲ ಬಂದದ್ದು 1960ರ ದಶಕದಲ್ಲಿ ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡವನ್ನು ಅಳೆದ ಮೇಲೆ. ನಿಂತಾಗಿನದಕ್ಕಿಂತ ಕೂತಾಗಿನ ಒತ್ತಡ ಹೆಚ್ಚೆಂದು ಅವರು ಕಂಡರು. 1999ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದ ಅಳತೆಯಲ್ಲಾದರೋ, ಆರಾಮವಾಗಿ ಕೂತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಿರಲಿಲ್ಲ. ಅದು ಒಬ್ಬನೇ ಸ್ವಯಂಸೇವಕನ ಅಳತೆ ಎಂಬುದನ್ನು ಮರೆಯಬಾರದು. ಆದರೂ ಕೂರುವುದಕ್ಕೆ ಒಂದೇ ಸರಿಯಾದ ಭಂಗಿ ಇದೆಯೆನ್ನುವವರಿಗೆ ಅದು ಅನುಕೂಲವಾದ ಸಾಕ್ಷ್ಯವಲ್ಲ.

ಕುರ್ಚಿಯ ಒರಗನ್ನು ತುಸು ಹಿಂದಕ್ಕೆ ವಾಲಿಸಿ, ಬೆನ್ನನ್ನು ಅದಕ್ಕೆ ಪೂರ್ತಿ ಒಪ್ಪಿಸಿ, ಪಾದಗಳು ನೆಲ ಮುಟ್ಟುವಂತೆ ಕೂರಿ. ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ನಡೆಯಿರಿ. ಫೋನ್ ಕರೆಗಳನ್ನು ನಿಂತೇ ಮುಗಿಸಬಹುದು. ಲೋಕಲ್‌ನಲ್ಲಿ ಫೋರ್ತ್ ಸೀಟ್ (ಮೂವರ ಆಸನದ ತುದಿಯಲ್ಲಿ ನಾಲ್ಕನೆಯವರು ಕೂರುವ ಜಾಗ) ಸಿಕ್ಕರೆ ಬಿಟ್ಟುಬಿಡಿ. ಒಂದೇ ಪೃಷ್ಠದ ಮೇಲೆ ಭಾರವಿಟ್ಟು, ಸೊಂಟ ತಿರುಚಿಕೊಂಡು ಠಾಣೆ ರೈಲು ನಿಲ್ದಾಣದವರೆಗೆ ಕೂರುವುದಕ್ಕಿಂತ ನಿಮಗೆ ನಿಲ್ಲುವುದೇ ಹಿತ.

ವ್ಯಾಯಾಮವನ್ನು ಮಾತ್ರ ನೋವು ತಗ್ಗಿತೆಂದು ನಿಲ್ಲಿಸಬೇಡಿ. ಕಶೇರುಕಗಳನ್ನು ಒಂದಕ್ಕೊಂದು ಹಿಡಿದಿಡುವ ಮಲ್ಟಿಫಿಡಸ್ ಎಂಬ ಒಳಸ್ನಾಯು ನೋವಿದ್ದ ಭಾಗದಲ್ಲಿ ಸಣ್ಣಗಾಗುವುದುಂಟು, ನೋವು ಹೋದ ಮೇಲೆ ಅದು ತಾನಾಗಿಯೇ ಮೊದಲಿನಂತಾಗದಿರಬಹುದು ಎಂದು 1990ರ ದಶಕದ ಆಸ್ಟ್ರೇಲಿಯಾದ ಅಧ್ಯಯನಗಳು ತೋರಿಸಿವೆ. ಅಂಗೈ, ಮೊಣಕಾಲುಗಳನ್ನು ನೆಲಕ್ಕೂರಿ, ಬಲಗೈಯನ್ನೂ ಎಡಗಾಲನ್ನೂ ಒಟ್ಟಿಗೆ ಚಾಚಿ, ಎಂಟು-ಹತ್ತು ಸೆಕೆಂಡು ಹಿಡಿದು, ಬಳಿಕ ಬದಿ ಬದಲಿಸುವುದು ಆರಂಭಕ್ಕೆ ಒಳ್ಳೆಯದು. ಜೊತೆಗೆ ದಿನವೂ ಬಿರುಸಾದ ನಡಿಗೆ ಇರಲಿ. ಬೆಲ್ಟ್ ಬೇಡ, ದೀರ್ಘಕಾಲದ ಸೊಂಟನೋವಿಗೆ ಅದನ್ನು ರೂಢಿಯ ಚಿಕಿತ್ಸೆಯಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಹೇಳುತ್ತದೆ.

ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ತೊಡೆಗಳ ಸಂದಿಯಲ್ಲಿ ಮರಗಟ್ಟುವುದು, ಕಾಲಿನ ಶಕ್ತಿ ಕುಂದುವುದು ಕಂಡುಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ವೈದ್ಯರನ್ನು ಕಾಣಲು ತಡಮಾಡಬೇಡಿ.

ಪ್ರಶ್ನೆ: ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಮನೆಯಿಂದ ಕೆಲಸ ಮಾಡುವ ದಿನ ಕುರ್ಚಿಯ ಬದಲು ಜಿಮ್ ಚೆಂಡಿನ ಮೇಲೆ ಕೂತರೆ ಸೊಂಟದ ಸ್ನಾಯುಗಳು ಗಟ್ಟಿಯಾಗುತ್ತವೆಯೇ?

ಉತ್ತರ: ಅಷ್ಟಾಗಿ ಇಲ್ಲ. ಚೆಂಡಿನ ಮೇಲೆ ಕೂತಾಗಲೂ ಕುರ್ಚಿಯಲ್ಲಿ ಕೂತಾಗಲೂ ಮುಂಡದ ಸ್ನಾಯುಗಳ ಚಟುವಟಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅಧ್ಯಯನಗಳಲ್ಲಿ ಕಂಡಿಲ್ಲ, ಅಸೌಕರ್ಯ ಮಾತ್ರ ಚೆಂಡಿನಲ್ಲೇ ಹೆಚ್ಚು. ಒರಗಲು ಆಸರೆಯೂ ಇಲ್ಲ. ಚೆಂಡನ್ನು ಕೊಂಡಾಗಿದ್ದರೆ ವ್ಯಾಯಾಮಕ್ಕೆ ಬಳಸಿ, ಕೆಲಸಕ್ಕೆ ಕುರ್ಚಿಯೇ ಇರಲಿ.